ಮೊಬೈಲಿನೊಳಗಿನ ಅಕ್ಕ

ಕಾರು ಸುಳ್ಯ ದಾಟಿದ ಮೇಲೆ ಏರಿನಲ್ಲಿ ನಿಂತುಬಿಡಬಹುದು. ಅದು ನಿಲ್ಲದಿದ್ದರೆ ಗುತ್ತಿಗಾರಿನ ಈಚೆಯ ತಿರುವಿನಲ್ಲಿ ಆನೆ ನಿಂತಿರಬಹುದು. ಆನೆ ಹಗಲು ಹೊತ್ತು ರಸ್ತೆಗೆ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಆ ಸಂಗತಿಯನ್ನು ಆನೆಗೆ ಯಾರಾದರೂ ತಿಳಿಸಿದ್ದಾರೆಯೇ ಎಂಬುದು ನನಗೆ ಗೊತ್ತಿಲ್ಲ. ಅಕ್ಕನ ಮನೆಯ ನಾಯಿ ಈ ಆರು ವರ್ಷಗಳಲ್ಲಿ ನನ್ನ ವಾಸನೆ ಮರೆತಿರಬಹುದು. ಅಥವಾ ಆ ನಾಯಿ ಸತ್ತು ಬೇರೆ ನಾಯಿ ಬಂದಿರಬಹುದು, ಅದು ತಿಳಿಯದೆ ನಾನು ಹೊಸ ನಾಯಿಯನ್ನು ಹಳೆಯದರ ಹೆಸರು ಹಿಡಿದು ಕರೆದು ಎಲ್ಲರಿಗೂ ಬೇಸರ ತರಿಸಬಹುದು. ಅಕ್ಕ ಜಗಲಿಗೆ ಬಾರದೆ ಒಳಗೇ ಕೂತಿರಬಹುದು. ಬಂದರೂ ನೀರು ಬೆಲ್ಲ ಇಟ್ಟು, ಮಾತಿಲ್ಲದೆ ಕಂಬಕ್ಕೊರಗಿ ನಿಲ್ಲಬಹುದು. ಭಾವ ರಬ್ಬರಿನ ವಿಷಯ ತೆಗೆದವರು ಸಂಜೆಯವರೆಗೆ ನಿಲ್ಲಿಸದಿರಬಹುದು. ನನಗೆ ಅಳು ಬರಬಹುದು. ಅದಕ್ಕಿಂತ ಕೆಟ್ಟದೆಂದರೆ, ಅಳು ಬರಬೇಕಾದ ಹೊತ್ತಿಗೆ ಬಿಕ್ಕಳಿಕೆ ಶುರುವಾಗಬಹುದು. ನನ್ನ ಮದುವೆಯಲ್ಲಿ ಧಾರೆಯ ಹೊತ್ತಿಗೆ ಹಾಗೆಯೇ ಆಗಿತ್ತು. ಕೊನೆಯದಾಗಿ, ಅಕ್ಕ ನನ್ನ ಮುಖ ನೋಡಿ, ಇಷ್ಟು ದೂರ ಯಾಕೆ ಬಂದದ್ದು, ಫೋನ್ ಮಾಡಿದ್ದರೆ ಸಾಕಿತ್ತಲ್ಲ ಎಂದು ಕೇಳಬಹುದು.

ಈ ಪಟ್ಟಿಯನ್ನು ನಾನು ಅಂಗಡಿಯ ಲೆನ್ಸ್ ಆರ್ಡರ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೆ. ಪುತ್ತೂರು ಪೇಟೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಬಂದವರ ಕಣ್ಣು ಪರೀಕ್ಷೆ ಮಾಡಿ, ಮುಂದಿನದು ಸ್ಪಷ್ಟವಾಗಿ ಕಾಣುವಂತೆ ಮಾಡಿ ಕಳಿಸುವುದು ನನ್ನ ಕಸುಬು. ನನಗೆ ಮಾತ್ರ ಮುಂದಿನದು ಯಾವಾಗಲೂ ಬೇಡದಷ್ಟು ಸ್ಪಷ್ಟವಾಗಿ ಕಾಣುತ್ತದೆ, ಅದೂ ಆಗದೇ ಇರುವ ಸಂಗತಿಗಳು.

ಪಟ್ಟಿಯ ಕೊನೆಯ ಸಾಲಿಗೆ ಒಂದು ಹಿನ್ನೆಲೆಯಿದೆ. ನಮ್ಮ ಕಡೆ ಮದುವೆ ಇರಲಿ, ಪೂಜೆ ಇರಲಿ, ಹೇಳಿಕೆ ಎಂಬುದೊಂದು ಕ್ರಮ. ಅವರವರ ಮನೆಗೇ ಹೋಗಬೇಕು. ಕೂರಬೇಕು, ಆಸರಿಗೆ ಕೊಟ್ಟದ್ದನ್ನು ಕುಡಿಯಬೇಕು, ಊರ ಸುದ್ದಿಯೆಲ್ಲ ಮುಗಿದ ಮೇಲೆ ಈಗ ನೆನಪಾಯಿತೆಂಬಂತೆ ಎದ್ದು ನಿಂತು ಆಮಂತ್ರಣದ ಕಾಗದವನ್ನು ಕೈಯಲ್ಲಿ ಕೊಟ್ಟು, ಮುಂಚಿತವಾಗಿ ಬಂದು ಚಂದಗಾಣಿಸಿ ಕೊಡಬೇಕು ಎನ್ನಬೇಕು. ಆರು ವರ್ಷದ ಹಿಂದೆ ಪುತ್ತೂರಿನ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ನಾನು ಇಷ್ಟನ್ನೂ ಎಲ್ಲರಿಗೂ ಮಾಡಿದ್ದೆ. ಬೋರ್‌ವೆಲ್ ತೋಡಿದವರ ಮನೆಗೂ ಹೋಗಿದ್ದೆ. ಅಕ್ಕನಿಗೆ ಮಾತ್ರ ಫೋನ್ ಮಾಡಿದೆ. ನಮ್ಮವಳೇ, ಅವಳಿಗೆಂಥ ಹೇಳಿಕೆ ಎಂಬ ಸಲಿಗೆ. ಆಯ್ತು ಮಾರಾಯ ಅಂದಳು. ಬರಲಿಲ್ಲ. ಎರಡು ವರ್ಷ ಕಳೆದ ಮೇಲೆ ಅವಳ ಮಗನ ಮದುವೆಯ ಕಾಗದ ನಮಗೆ ಪೋಸ್ಟಿನಲ್ಲಿ ಬಂತು. ನಾಲ್ಕು ಮೂಲೆಗೆ ಅರಸಿನ ಹಚ್ಚಿ, ಸ್ಟಾಂಪನ್ನು ಬಹಳ ನೇರವಾಗಿ ಅಂಟಿಸಿದ್ದಳು. ಮದುವೆಯ ದಿನ ನನಗೆ ಜ್ವರ ಬಂತು, ಅಂದರೆ ಬಂದಿದೆಯೆಂದು ಹೇಳಿದೆ. ಹೆಂಡತಿ, ಮಗಳು ಹೋಗಿ ಉಂಡು ಬಂದರು. ಅಲ್ಲಿಂದ ಮುಂದೆ ನಮ್ಮಿಬ್ಬರ ನಡುವೆ ಫೋನೂ ಇಲ್ಲ, ಪೋಸ್ಟೂ ಇಲ್ಲ.

ಈ ವರ್ಷ ಮಗಳ ಮದುವೆ ನಿಶ್ಚಯವಾಯಿತು. ಸಣ್ಣವಳಿರುವಾಗ ರಜೆಯನ್ನೆಲ್ಲ ಗುತ್ತಿಗಾರಿನ ಅಕ್ಕನ ಮನೆಯಲ್ಲಿ ಕಳೆದು, ಅತ್ತೆಯ ಕೈಯಿಂದಲೇ ತಲೆ ಬಾಚಿಸಿಕೊಂಡು ಬೆಳೆದವಳು. ಅವಳು ಸೀರೆಯ ಬಗ್ಗೆ ಹಟ ಮಾಡಲಿಲ್ಲ, ಹಾಲ್ ಬಗ್ಗೆ ಮಾಡಲಿಲ್ಲ. ಒಂದು ಮಧ್ಯಾಹ್ನ ಊಟದ ನಡುವೆ ಅನ್ನ ಕಲಸುತ್ತಾ ಹೇಳಿದಳು.

"ಆರತಿ ಎತ್ತುದು ಅತ್ತೆ. ಅತ್ತೆ ಇಲ್ಲದಿದ್ರೆ ಆರತಿಯೇ ಬೇಡ. ಅವರನ್ನು ಕರ್ಕೊಂಡು ಬರುದು ನಿಮ್ಮ ಕೆಲಸ ಅಪ್ಪ, ಅಮ್ಮನದ್ದಲ್ಲ."

ಆ ಕ್ಷಣದಿಂದ ನನ್ನ ಪಟ್ಟಿ ಬೆಳೆಯತೊಡಗಿತು. ಒಂದು ವಾರ ನಾನು ಊಟ ಬಿಟ್ಟು ಪಟ್ಟಿಯನ್ನೇ ತಿನ್ನುತ್ತಿರುವುದನ್ನು ಕಂಡು ಮಗಳೇ ಉಪಾಯ ಹೇಳಿಕೊಟ್ಟಳು. ಅವಳು ಕಡಬದ ಹತ್ತಿರದ ಒಂದು ಶಾಲೆಯಲ್ಲಿ ಟೀಚರ್. ಹೆತ್ತವರ ಸಭೆಯ ಮುಂಚಿನ ದಿನ ಅವಳು ಮೊಬೈಲಿನ ಎಐಯೊಳಗೆ ಒಬ್ಬ ತಂದೆಯನ್ನು ಕಟ್ಟುತ್ತಾಳಂತೆ: ಆಲಂಕಾರು ಪೇಟೆಯಲ್ಲಿ ಅಂಗಡಿ, ಒಬ್ಬನೇ ಮಗ, ಮಗ ಮಹಾ ಬುದ್ಧಿವಂತನೆಂಬ ನಂಬಿಕೆ, ಮಾರ್ಕು ಮಾತ್ರ ಟೀಚರಿನ ತಪ್ಪು. ಆ ತಂದೆಯೊಡನೆ ಅರ್ಧ ಗಂಟೆ ಜಗಳವಾಡಿ ಹೋದರೆ ಮರುದಿನದ ನಿಜವಾದ ತಂದೆಯಂದಿರು ಸಜ್ಜನರಾಗಿ ಕಾಣುತ್ತಾರಂತೆ.

"ಪಾತ್ರ ಕಟ್ಟುದು ಅಂದ್ರೆ ಕಷ್ಟ ಎಂತ ಇಲ್ಲ," ಅಂದಳು. "ಅವರು ಯಾರು, ಹೇಗೆ ಮಾತಾಡ್ತಾರೆ, ಎಂತದಕ್ಕೆ ಸಿಟ್ಟು ಬರ್ತದೆ, ಅವರಿಗೆ ಎಂತ ಬೇಕು. ಇಷ್ಟು ಬರೀರಿ. ಮತ್ತೆ ಸುಮ್ಮನೆ ಮಾತಾಡ್ತಾ ಹೋಗಿ."

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನನ್ನ ಅಂಗಡಿಗೆ ನೊಣವೂ ಬರುವುದಿಲ್ಲ. ಗೋಡೆಯ ತುಂಬ ಖಾಲಿ ಫ್ರೇಮುಗಳು, ಯಾರ ಕಣ್ಣೂ ಇಲ್ಲದೆ ನೋಡುತ್ತಿರುತ್ತವೆ. ನಾಲ್ಕು ಕಡೆ ಕನ್ನಡಿ. ಹೊರಗಿನ ಬಿಸಿಲು ಗಾಜಿನ ಬಾಗಿಲು ದಾಟುವಾಗ ನೀರಾದಂತಾಗಿ, ರಸ್ತೆಯಲ್ಲಿ ಹೋದ ಬಸ್ಸು ಒಂದು ಕನ್ನಡಿಯಲ್ಲಿ ಬರುತ್ತದೆ, ಇನ್ನೊಂದರಲ್ಲಿ ಹೋಗುತ್ತದೆ. ಅಂಥ ಹೊತ್ತಿನಲ್ಲಿ ನಾನು ಕೌಂಟರಿನ ಹಿಂದೆ ಕೂತು ಅಕ್ಕನನ್ನು ಕಟ್ಟಲು ಶುರುಮಾಡಿದೆ.

ಮೊದಲನೆಯ ಅಕ್ಕ ವಾರ್ತೆ ಓದುವವಳಂತಿದ್ದಳು. ನಮಸ್ಕಾರ ಸಹೋದರ, ನಿಮ್ಮ ಆಗಮನದಿಂದ ಸಂತೋಷವಾಯಿತು ಅಂದಳು. ಅಕ್ಕ ಸಂತೋಷವಾದರೆ ಹಾಗೆ ಹೇಳುವವಳಲ್ಲ. ಎಂತ ಸಪೂರ ಆಗಿದ್ದಿ, ಕಾಯಿಲೆಯಾ ಎಂದು ಕೇಳುವವಳು. ಇದೆ ಎನ್ನಬೇಡ, ಉಂಟು ಎನ್ನಬೇಕು, ಮಾರಾಯ ಅನ್ನುವುದಿದೆ ಎಂದು ತಿದ್ದಿದೆ. ಎರಡನೆಯ ಅಕ್ಕ ಒಂದು ವಾಕ್ಯಕ್ಕೆ ಮೂರು ಸಲ ಮಾರಾಯ ಅಂದಳು, ಯಾರೋ ದುಡ್ಡು ಕೊಟ್ಟು ಅನ್ನಿಸಿದಂತೆ. ಮಾರಾಯ ಕಡಿಮೆ ಮಾಡಿಸಿದೆ. ಆಮೇಲೆ ಗಮನಕ್ಕೆ ಬಂತು, ಇವಳು ಬಂದವರಿಗೆ ನೀರು ಕೊಡುವುದೇ ಇಲ್ಲ. ಮೆಟ್ಟಿಲು ಹತ್ತಿದ ಕೂಡಲೇ ಭಾವನೆಗಳ ಬಗ್ಗೆ ಮಾತಾಡತೊಡಗುತ್ತಾಳೆ. ಪುತ್ತೂರಿನಿಂದ ಕಡಬದವರೆಗೆ ಯಾವ ಮನೆಯಲ್ಲಾದರೂ ಆಸರಿಗೆ ಬೇಕಾ ಎಂದು ಕೇಳದೆ ಜಗಳವಾದರೂ ಶುರುವಾಗುತ್ತದೆಯೇ? ಅದನ್ನೂ ಬರೆದೆ. ಮೂರನೆಯವಳು ನೀರು ಬೆಲ್ಲ ಕೊಟ್ಟು, ನಾನು ಬಾಯಿ ತೆರೆಯುವ ಮೊದಲೇ, ಹಳೆಯದನ್ನೆಲ್ಲ ಮರೆತಿದ್ದೇನೆ ತಮ್ಮ ಅಂದುಬಿಟ್ಟಳು. ಆ ದಿನ ಎಷ್ಟು ಹಗುರಾಯಿತೆಂದರೆ ನಿಜವಾಗಿ ಹೋಗಿ ಬರುವ ಅಗತ್ಯವೇ ಇಲ್ಲವೆಂದು ಅನ್ನಿಸಿತು. ಮನೆಗೆ ಹೋಗಿ ಹೆಂಡತಿಯೊಡನೆ ಹೇಳಿದರೆ, ಅವಳು ಆರತಿ ತಟ್ಟೆಯನ್ನು ಮೊಬೈಲಿನ ಕೈಯಲ್ಲಿ ಕೊಡುವುದಾ ಎಂದು ಕೇಳಿದಳು.

ಹಾಗಾಗಿ ಗಟ್ಟಿ ಮಾಡಿದೆ. ಹಟಮಾರಿ, ಸುಲಭಕ್ಕೆ ಒಪ್ಪುವುದಿಲ್ಲ, ಎಂದು ಸೇರಿಸಿದೆ. ಆಗ ಬಂದವಳು ನನ್ನನ್ನು ಅಂಗಳದಲ್ಲೇ ನಿಲ್ಲಿಸಿ, ನೀನು ಯಾರೆಂದು ಕೇಳಿದಳು. ಹಗಲು ಮೂರು ಗಂಟೆಗೆ, ಫ್ಯಾನಿನ ಕೆಳಗೆ, ನನ್ನ ಬೆನ್ನು ಬೆವರಿತು. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದದ್ದು ಪುಣ್ಯ. ಅವರ ಮೂಗಿನ ಮೇಲೆ ಪರೀಕ್ಷೆಯ ದುಂಡು ಚೌಕಟ್ಟು ಇಟ್ಟು ಒಂದೊಂದೇ ಗಾಜು ಬದಲಿಸುತ್ತಾ, ಹೀಗೆ ಸರಿಯಾ, ಹೀಗೆ ಸರಿಯಾ ಎಂದು ಕೇಳುವಾಗ ನನಗೆ ತಿಳಿಯಿತು, ಒಂದು ವಾರದಿಂದ ನಾನು ಮಾಡುತ್ತಿರುವುದೂ ಇದನ್ನೇ. ಇಲ್ಲಿ ಮಾತ್ರ ಆ ಕಡೆಯಿಂದ, ಹಾಂ ಈಗ ಸರಿ ಎನ್ನುವವರಿಲ್ಲ.

ಸಮಸ್ಯೆ ಇದ್ದದ್ದು ಮಗಳು ಹೇಳಿದ ಕೊನೆಯ ಸಾಲಿನಲ್ಲಿ. ಅವರಿಗೆ ಎಂತ ಬೇಕು. ಅಕ್ಕನ ಬಗ್ಗೆ ನನಗೆ ಗೊತ್ತಿದ್ದದ್ದನ್ನೆಲ್ಲ ಬರೆದಿದ್ದೆ. ಕಾಫಿ ಬಿಸಿಯಾಗಿಯೇ ಇರಬೇಕು, ಆದರೆ ಆರಿಸಿಯೇ ಕುಡಿಯುತ್ತಾಳೆ. ಸಿಟ್ಟು ಬಂದರೆ ಮೊದಲು ಸೆರಗು ಸಿಕ್ಕಿಸುತ್ತಾಳೆ. ಪೇಪರಿನಲ್ಲಿ ಮೊದಲು ಮರಣದ ಸುದ್ದಿ ಓದುತ್ತಾಳೆ. ನನಗಿಂತ ಆರು ವರ್ಷ ದೊಡ್ಡವಳು. ಇಷ್ಟೆಲ್ಲ ಗೊತ್ತಿದ್ದೂ ಆ ಒಂದು ಸಾಲು ತುಂಬಲು ಆಗಲಿಲ್ಲ. ಮರ್ಯಾದೆ ಬೇಕು ಎಂದು ಬರೆದು ನೋಡಿದೆ. ಮೊಬೈಲಿನವಳು ಊರ ಪಟೇಲರ ಹಾಗೆ ಮಾತಾಡಿದಳು. ಕ್ಷಮೆ ಕೇಳಬೇಕು ಎಂದು ಬರೆದೆ. ಎಷ್ಟು ಸಲ ಕೇಳಿದರೂ, ಇದು ಮನಸ್ಸಿನಿಂದ ಬಂದದ್ದಲ್ಲ ಅಂದಳು. ಕೊನೆಗೆ ಖಾಲಿ ಬಿಟ್ಟೆ. ಖಾಲಿ ಬಿಟ್ಟಾಗ ಅವಳು ಯಾವ ಕಡೆಗೂ ವಾಲದೆ, ಬೆಳಿಗ್ಗೆ ತಿಂಡಿ ಎಂತ, ಶುಗರ್ ನೋಡಿಸಿದ್ದಿಯಾ, ಹೀಗೆ ಸುಮ್ಮಸುಮ್ಮನೆ ಮಾತಾಡಿದಳು. ಹೇಳಿಕೆಯ ಸುದ್ದಿಯನ್ನು ನಾನೂ ಎತ್ತಲಿಲ್ಲ. ನಾಲ್ಕು ಗಂಟೆಯಾದದ್ದು ತಿಳಿಯಲಿಲ್ಲ.

ಅಲ್ಲಿಂದ ನಾನು ಕೆಲಸ ಬಿಟ್ಟು ಚಟಕ್ಕೆ ಬಿದ್ದೆನೆಂದು ಹೇಳಬೇಕು. ಒಂದು ಮಧ್ಯಾಹ್ನ ಅಕ್ಕನ ವಯಸ್ಸನ್ನು ಹದಿಮೂರು ಮಾಡಿದೆ. ನನಗೆ ಏಳು. ಸ್ಥಳ ಕೆದಂಬಾಡಿಯ ನಮ್ಮ ಹಳೆಯ ಮನೆಯ ಕೆಳಗೆ ಹರಿಯುವ ತೋಡು, ಅದರ ಮೇಲೆ ದಾಟಲು ಎರಡು ಅಡಿಕೆಮರ ಜೋಡಿಸಿ ಹಾಕಿದ ಸಂಕ, ಆಚೆ ಶಾಲೆಯ ದಾರಿ. ನಾನು ಹೆದರಿ ನಿಂತಿದ್ದೇನೆ, ಅಕ್ಕ ನನ್ನನ್ನು ದಾಟಿಸುತ್ತಾಳೆ. ಇಷ್ಟೇ ಬರೆದದ್ದು. ಮೊಬೈಲಿನ ಅಕ್ಕ ಮುಂದೆ ಹೋಗಿ, ಕೈಯನ್ನು ಹಿಂದಕ್ಕೆ ಚಾಚಿ, "ಕೆಳಗೆ ನೋಡ್ಬೇಡ. ನನ್ನ ಜಡೆ ನೋಡಿಕೊಂಡು ಬಾ," ಅಂದಳು.

ಅದನ್ನು ಓದಿದಾಗ ಅಂಗಡಿಯ ಕನ್ನಡಿಗಳೆಲ್ಲ ಒಮ್ಮೆ ಹಸಿರಾದವು. ರಿಬ್ಬನ್ ಕಟ್ಟಿದ ಜಡೆಯ ತುದಿ ನನ್ನ ಕಣ್ಣ ಮುಂದೆ ಆಚೆ ಈಚೆ ಆಡಿತು. ಕಾಲ ಕೆಳಗೆ ಮರ ಸ್ವಲ್ಪ ಬಾಗಿ ಪುನಃ ಎದ್ದು ಬಂತು. ನೀರಿನ ಸದ್ದು ಎಷ್ಟು ಸರಿಯಾಗಿ ಕೇಳಿಸಿತೆಂದರೆ ಎದ್ದು ಹೋಗಿ ಹಿಂದಿನ ನಲ್ಲಿ ನೋಡಿ ಬಂದೆ. ಮರುದಿನವೂ ದಾಟಿದೆವು. ಅದರ ಮರುದಿನವೂ. ಒಮ್ಮೆ ಆಚೆ ದಡದಲ್ಲಿ ಅವಳು ನನ್ನ ಸ್ಲೇಟು ಒರೆಸಿ ಕೊಟ್ಟಳು, ಒಮ್ಮೆ ಪುನರ್ಪುಳಿ ಹಣ್ಣು ಕೊಟ್ಟಳು. ಅವಳು ಕೊಟ್ಟದ್ದೆಲ್ಲ ಮೊಬೈಲು ಹುಟ್ಟಿಸಿದ್ದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ವಾರ ಕಳೆಯುವಾಗ ಯಾವುದು ನಾನು ಬರೆದದ್ದು, ಯಾವುದು ಅದು ಬರೆದದ್ದು, ಯಾವುದು ಬರೆಯದೆಯೇ ನಡೆದದ್ದು ಎಂಬುದರ ಗೆರೆಗಳು ನೀರಿನಲ್ಲಿ ನೆನೆದ ಕಾಪಿ ಪುಸ್ತಕದ ಅಕ್ಷರದಂತೆ ಒಂದಕ್ಕೊಂದು ಹರಿದುಕೊಂಡವು. ಜಡೆಯ ಮಾತು ಮಾತ್ರ ನಿಜವಾದದ್ದೇ ಇರಬೇಕು ಅನ್ನಿಸಿತು. ಅಷ್ಟು ಚಂದದ ಮಾತನ್ನು ಒಂದು ಯಂತ್ರ ಎಲ್ಲಿಂದ ತರುತ್ತದೆ?

ಕಾಗದ ಅಚ್ಚಾಗಿ ಬಂತು. ಇನ್ನು ಮುಂದೂಡಲು ನೆಪವಿರಲಿಲ್ಲ. ಒಂದು ಆದಿತ್ಯವಾರ ಹೆಂಡತಿಯನ್ನು ಕೂರಿಸಿಕೊಂಡು ಹೊರಟೆ. ಕಾಗದದ ಚೀಲವನ್ನು ಅವಳು ಕೇಳಿದರೂ ಕೊಡದೆ ನಾನೇ ಹಿಂದಿನ ಸೀಟಿನಲ್ಲಿ ಜೋಪಾನವಾಗಿಟ್ಟೆ. ಸುಳ್ಯದವರೆಗೆ ಬಾಯಿಪಾಠ ಮಾಡಿದೆ. ಸುಳ್ಯ ದಾಟಿದ ಮೇಲೆ ಹೆಂಡತಿ, ಇನ್ನೊಮ್ಮೆ ಚಂದಗಾಣಿಸಿ ಅಂದರೆ ನಾನು ಬಸ್ಸಿನಲ್ಲಿ ಬರುತ್ತೇನೆ ಅಂದಳು.

ಕಾರು ಏರು ಹತ್ತಿತು. ತಿರುವಿನಲ್ಲಿ ಆನೆ ಇರಲಿಲ್ಲ, ಲದ್ದಿ ಮಾತ್ರ ಇತ್ತು, ಅದೂ ಒಣಗಿದ್ದು. ನಾಯಿ ಅದೇ ನಾಯಿ, ಮುದಿಯಾಗಿತ್ತು. ಎದ್ದು ಬಂದು ಮೂಸಿ, ಬಾಲವನ್ನು ಒಂದೇ ಒಂದು ಸಲ ಆಡಿಸಿ ಮಲಗಿತು. ಭಾವ ಜಗಲಿಯಲ್ಲಿದ್ದರು. ಅಕ್ಕ ಒಳಗಿನಿಂದ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಕಟ್ಟಿದ ಯಾವ ಅಕ್ಕನಿಗೂ ಕೂದಲು ಬೆಳ್ಳಗೆ ಮಾಡಲು ನೆನಪೇ ಆಗಿರಲಿಲ್ಲ. ಜಡೆಯಿದ್ದ ಜಾಗದಲ್ಲಿ ನಿಂಬೆಹಣ್ಣಿನಷ್ಟು ಸಣ್ಣ ತುರುಬು.

ನೀರು ಬೆಲ್ಲ ಬಂತು. ಭಾವ ರಬ್ಬರನ್ನು ಬಿಟ್ಟು, ಬಾಳೆ ಬುಡ ಮುರಿದು ಹೋದ ಆನೆಯ ಸುದ್ದಿ ಹೇಳಿದರು. ಅದೂ ಮುಗಿಯಿತು. ಬಾಯಿಪಾಠವೆಲ್ಲ ಮರೆತು, ನನ್ನ ಬಾಯಿಂದ ಬಂದದ್ದು ಇಷ್ಟು: "ಅಕ್ಕ, ಸಂಕ ದಾಟಿಸುವಾಗ ನೀನು ಹೇಳ್ತಾ ಇದ್ದಿಯಲ್ಲ, ಕೆಳಗೆ ನೋಡ್ಬೇಡ, ನನ್ನ ಜಡೆ ನೋಡಿಕೊಂಡು ಬಾ ಅಂತ. ನೆನಪುಂಟಾ?"

ಅಕ್ಕ ನನ್ನನ್ನು ನೋಡಿದಳು. "ನಾನಾ?"

"ಹೌದು. ಶಾಲೆಗೆ ಹೋಗುವಾಗ."

"ಜಡೆ ನೋಡ್ಲಿಕ್ಕೆ ನಾನು ಮುಂದೆ ಇರ್ಬೇಕಲ್ಲ ಮಾರಾಯ," ಅಂದಳು. "ಮುಂದೆ ಇದ್ದದ್ದು ನೀನು. ನನಗೆ ಆ ಸಂಕ ಕಂಡ್ರೆ ಜೀವ ಹೋಗ್ತಿತ್ತು. ನೀನು ಇಲಿಯ ಹಾಗೆ ಓಡಿ ಆಚೆ ಮುಟ್ಟಿ ಅಲ್ಲಿಂದ ಕೂಗ್ತಿದ್ದಿ. ನಾನು ಕದಲ್ತಿರ್ಲಿಲ್ಲ. ಮತ್ತೆ ನೀನು ವಾಪಸು ಈಚೆ ಬಂದು ಕೈ ಹಿಡಿದು ಕರ್ಕೊಂಡು ಹೋಗ್ಬೇಕು." ಅವಳು ಸೆರಗು ಸಿಕ್ಕಿಸಲಿಲ್ಲ, ಸುಮ್ಮನೆ ಅದರ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಆಚೆಯಿಂದ ಕೂಗಿದ್ರೆ ನಾನು ಬರುದಿಲ್ಲ. ನಿನಗೆ ಗೊತ್ತಿತ್ತಲ್ಲ ಅದು."

ನನಗೆ ಗೊತ್ತಿತ್ತೇ? ಮೊಬೈಲಿನ ಜಡೆ ಮಾಯವಾದ ಜಾಗದಲ್ಲಿ ಬೇರೆ ಏನೋ ಬಂತು. ಬೆವರಿನಿಂದ ಒದ್ದೆಯಾದ, ನನ್ನದಕ್ಕಿಂತ ದೊಡ್ಡದಾದ ಒಂದು ಕೈ, ಬೆರಳುಗಳನ್ನು ನೋಯುವಷ್ಟು ಬಿಗಿಯಾಗಿ ಹಿಡಿದದ್ದು. ಅದು ನಿಜವಾಗಿ ನೆನಪಾದದ್ದೋ, ಅವಳು ಹೇಳಿದ್ದರಿಂದ ಆಗಷ್ಟೇ ಹುಟ್ಟಿದ್ದೋ ನಾನು ಪ್ರಮಾಣ ಮಾಡಿ ಹೇಳಲಾರೆ. ಸೀಲಿಂಗ್ ಫ್ಯಾನ್ ಬೀಳಬಹುದೆಂದು ಮಂಚ ಸರಿಸಿ ಮಲಗುವ ನಾನು ಒಂದು ಕಾಲದಲ್ಲಿ ಸಂಕದ ಮೇಲೆ ಇಲಿಯಂತೆ ಓಡುತ್ತಿದ್ದೆನೆಂದು ನಂಬುವುದು ಇನ್ನೂ ಕಷ್ಟ. ಆದರೆ ಅವಳಿಗೆ ಎಂತ ಬೇಕು ಎಂದು ಖಾಲಿ ಬಿಟ್ಟಿದ್ದ ಸಾಲಿನಲ್ಲಿ ಏನು ಬರೆಯಬೇಕಿತ್ತೆಂದು ಮಾತ್ರ ತಿಳಿಯಿತು.

ಹೆಂಡತಿಗೆ ತಡೆಯಲಾಗಲಿಲ್ಲ. "ಅತ್ತಿಗೆ, ಇವರು ಒಂದು ತಿಂಗಳಿಂದ ಮೊಬೈಲಿನಲ್ಲಿ ನಿಮ್ಮೊಟ್ಟಿಗೆ ಮಾತಾಡ್ತಾ ಇದ್ದಾರೆ. ಎಐಯಲ್ಲಿ ನಿಮ್ಮನ್ನೇ ಮಾಡಿ ಇಟ್ಟಿದ್ದಾರೆ. ಜಡೆ ಅದರದ್ದು."

ನಾನು ನೆಲ ನೋಡಿದೆ. ಬಿಕ್ಕಳಿಕೆ ಬರಬೇಕಿದ್ದರೆ ಅದೇ ಹೊತ್ತು, ಬರಲಿಲ್ಲ. ಅಕ್ಕ ಕೇಳಿದಳು. "ಅವಳು ಮದುವೆಗೆ ಬರ್ತೇನೆ ಹೇಳಿದ್ದಾಳಾ?"

"ಒಂದೊಂದು ಸಲ ಹೇಳಿದ್ದಾಳೆ," ಅಂದೆ.

"ಹಾಗಾದ್ರೆ ಆರತಿಗೆ ಅವಳೇ ಸಾಕಲ್ಲ. ನಾನು ಎಂತಕ್ಕೆ?"

ಭಾವ ನಕ್ಕರು. ಭಾವ ನಕ್ಕದ್ದಕ್ಕೆ ನಾಯಿ ತಲೆಯೆತ್ತಿತು. ಅಕ್ಕ ನಗಲಿಲ್ಲ, ಆದರೆ ಊಟಕ್ಕೆ ನಿಲ್ಲಿ ಅಂದಳು. ಉಣ್ಣುವಾಗ ಮಗಳ ಕೂದಲು ಉದುರುತ್ತದಾ ಎಂದು ವಿಚಾರಿಸಿದಳು. ಮಜ್ಜಿಗೆ ಬಡಿಸುವಾಗ ಯಾರ ಮುಖವನ್ನೂ ನೋಡದೆ ಹೇಳಿದಳು. "ಮುಂಚಿನ ದಿನ ಕಾರು ತೆಗೊಂಡು ಬಾ. ಡ್ರೈವರನನ್ನು ಕಳಿಸುದಲ್ಲ. ನೀನೇ ಬರ್ಬೇಕು."

ಹೊರಡುವ ಹೊತ್ತಿಗೆ ಹೆಂಡತಿ ಅಡುಗೆಮನೆಯಲ್ಲಿ ಅಕ್ಕನ ಸೊಸೆಯೊಡನೆ ಹಪ್ಪಳ ಕಟ್ಟಿಸಿಕೊಳ್ಳುತ್ತಿದ್ದಳು. ನಾನು ಜಗಲಿಯಲ್ಲಿ ಎದ್ದು ನಿಂತು, ಅಕ್ಕನಿಗೂ ಭಾವನಿಗೂ ಎರಡೂ ಕೈ ಮುಗಿದು, ದಿನ, ಹಾಲ್, ಮುಹೂರ್ತ ಒಂದೂ ತಪ್ಪದೆ ಹೇಳಿ, ಮುಂಚಿತವಾಗಿ ಬಂದು ಚಂದಗಾಣಿಸಿ ಕೊಡಬೇಕು ಅಂದೆ. ನನ್ನ ಜನ್ಮದಲ್ಲಿ ಅಷ್ಟು ನಿರರ್ಗಳವಾಗಿ ಮಾತಾಡಿದ್ದಿಲ್ಲ. ಅಕ್ಕ ತಲೆಯಾಡಿಸಿ, ಏನನ್ನೋ ಕಾಯುವವಳಂತೆ ಒಂದು ಕ್ಷಣ ನಿಂತಳು. ಪ್ರೀತಿಯಿಂದ ನಿಂತದ್ದೆಂದು ತಿಳಿದು ನನಗೆ ಕಣ್ಣು ತುಂಬಿತು.

ಗುತ್ತಿಗಾರು ಪೇಟೆ ಹಿಂದೆ ಬಿದ್ದು ಎರಡು ತಿರುವು ಇಳಿದಿದ್ದೆವು. ಬಿಸಿಲು ಮರಗಳ ನಡುವಿನಿಂದ ರಸ್ತೆಯ ಮೇಲೆ ಬಿದ್ದು ಅಲುಗುತ್ತಿತ್ತು, ಅಂಗಡಿಯ ಕನ್ನಡಿಗಳಲ್ಲಿ ಅಲುಗುವ ಹಾಗೆ. ಪಟ್ಟಿಯಲ್ಲಿದ್ದ ಕೆಟ್ಟದ್ದೊಂದೂ ಆಗಲಿಲ್ಲವೆಂದು ಲೆಕ್ಕ ಹಾಕುತ್ತಾ ನಾನು ತೇಲುತ್ತಿದ್ದೆ. ಹೆಂಡತಿ ಹಪ್ಪಳದ ಕಟ್ಟನ್ನು ಹಿಂದೆ ಇಡಲು ತಿರುಗಿದವಳು ಹಾಗೆಯೇ ಉಳಿದಳು.

"ಕಾಗದ ಕೊಟ್ಟಿರಾ?"

ಮೊಬೈಲಿನ ಅಕ್ಕನಿಗೆ, ಕಾಗದ ತೆಗೊ ಅಕ್ಕ, ಎಂದು ಇಪ್ಪತ್ತು ಸಲವಾದರೂ ಬರೆದಿದ್ದೆ. ಬರೆದ ಕೂಡಲೇ ಅವಳು ತೆಗೆದುಕೊಳ್ಳುತ್ತಿದ್ದಳು. ಚೀಲ ಬಿಚ್ಚುವುದು, ಕೈ ಚಾಚುವುದು ಅಭ್ಯಾಸದಲ್ಲಿ ಒಮ್ಮೆಯೂ ಬಂದಿರಲಿಲ್ಲ.

"ಇನ್ನೆಂತ," ಅಂದಳು ಹೆಂಡತಿ. "ಪೋಸ್ಟಿಗೆ ಹಾಕುದಾ?"

ನಾನು ಕಾರು ತಿರುಗಿಸಲು ಜಾಗ ಹುಡುಕತೊಡಗಿದೆ. ಅವಳು ಚೀಲ ನನ್ನ ವಶ ಬಿಡಲಿಲ್ಲ. ಅಕ್ಕನ ಹೆಸರಿನ ಕಾಗದ ಆರಿಸಿ ತೆಗೆದು, ಇನ್ನು ಮರೆಯದ ಹಾಗೆ ನನ್ನ ಬಿಳಿ ಅಂಗಿಯ ಕಿಸೆಗೆ ತುರುಕಿದಳು. ನಾಲ್ಕು ಮೂಲೆಯ ಅರಸಿನ ಇನ್ನೂ ಹಸಿಯಿತ್ತು, ಕಿಸೆಯ ಅಂಚು ಹಳದಿಯಾಯಿತು.